ಬೀಡಿ ಬಿಡಬೇಕು, ಸರಿ. ಹಟವೋ, ಗಮ್ಮೋ, ಪ್ಯಾಚೋ, ಮಾತ್ರೆಯೋ?

ಡಿಸ್ಚಾರ್ಜ್ ಚೀಟಿ ಬರೆಯುವ ಹೊತ್ತಿಗೆ ತೀರ್ಥಹಳ್ಳಿ ಕಡೆಯ ಆ ಅಜ್ಜ ಅಂಗಿ ಜೇಬಿನಿಂದ ಮೂರು ವಸ್ತು ತೆಗೆದು ಮಂಚದ ಮೇಲಿಟ್ಟರು. ಮಗ ಪೇಟೆಯ ಮೆಡಿಕಲ್ ಶಾಪಿನಿಂದ ತಂದ ನಿಕೋಟಿನ್ ಗಮ್ ಶೀಟು. ನೆಂಟರೊಬ್ಬರು ತಿಂದು ಉಳಿಸಿದ ನಾಲ್ಕು ಮಾತ್ರೆ. ಬೀಡಿ ಕಟ್ಟಿನ ಮೇಲಿದ್ದ ಫೋನ್ ನಂಬರ್ ಗೀಚಿಕೊಂಡ ಚೀಟಿ. "ಸಿಸ್ಟರೇ, ಇದ್ರಲ್ಲಿ ಯಾವುದನ್ನ ಹಿಡೀಲಿ? ಎಲ್ಲ ಬಿಟ್ಟು ಸುಮ್ನೆ ಹಟ ಮಾಡ್ಲಾ?"

ಎಂಟು ದಿನ ವಾರ್ಡಿನಲ್ಲಿ ಬೀಡಿ ಮುಟ್ಟದೆ ಇದ್ದ ಮನುಷ್ಯ. ಮನೆಗೆ ಹೋಗಿ ಜಗಲಿಯಲ್ಲಿ ಕೂತು ಮಳೆ ನೋಡುವಾಗ ಕೈ ಎಲ್ಲಿಗೆ ಹೋಗುತ್ತದೆ ಅಂತ ಅವರಿಗೇ ಗೊತ್ತಿತ್ತು.

ನಾನು ಶಿವಮೊಗ್ಗದಲ್ಲಿ ಸ್ಟಾಫ್ ನರ್ಸ್. ಮಳೆಗಾಲ ಶುರುವಾದರೆ ಹೊಸನಗರ, ಸಾಗರ, ಆಗುಂಬೆ ಕಡೆಯಿಂದ ಕೆಮ್ಮು, ಉಬ್ಬಸದವರು ಜಾಸ್ತಿ ಬರುತ್ತಾರೆ. ಈ ಪ್ರಶ್ನೆಯೂ ಅವರ ಜೊತೆಗೇ ಬರುತ್ತದೆ. ಎಲ್ಲರಿಗೂ ಒಂದೇ ಉತ್ತರ ಕೊಟ್ಟರೆ ಕೆಲಸ ಸುಲಭ. ಆದರೆ ಅರ್ಧ ಜನ ತಿಂಗಳೊಳಗೆ ಮತ್ತೆ ಹಚ್ಚಿರುತ್ತಾರೆ. ಹಾಗಾಗಿ ದಾರಿ ಹೇಳುವ ಮೊದಲು ನಾನು ಕೆಲವು ಪ್ರಶ್ನೆ ಕೇಳುತ್ತೇನೆ. ನೀವೂ ನಿಮ್ಮನ್ನೇ ಕೇಳಿಕೊಳ್ಳಿ.

ಮೊದಲು ಇಷ್ಟು ನೋಡಿಕೊಳ್ಳಿ

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು: ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲ ಬೀಡಿ? ದಿನಕ್ಕೆ ಎಷ್ಟು ಸೇದುತ್ತೀರಿ ಅಂದರೆ ಎಲ್ಲರೂ ಕಮ್ಮಿ ಮಾಡಿಯೇ ಹೇಳುತ್ತಾರೆ. ಹೆಂಡತಿ ಪಕ್ಕದಲ್ಲಿದ್ದರೆ ಇನ್ನೂ ಕಮ್ಮಿ. ಬೆಳಗಿನ ಮೊದಲ ಬೀಡಿಯ ವಿಷಯದಲ್ಲಿ ಮಾತ್ರ ಯಾರೂ ಸುಳ್ಳು ಹೇಳುವುದಿಲ್ಲ. ತಂಬಾಕಿನಲ್ಲಿ ಚಟ ಹಿಡಿಸುವ ವಸ್ತು ನಿಕೋಟಿನ್. ಅದರ ಹಿಡಿತ ಅಳೆಯಲು ಫಾಗರ್‌ಸ್ಟ್ರಾಮ್ ಪರೀಕ್ಷೆ ಅಂತ ಆರು ಪ್ರಶ್ನೆಗಳ ಪಟ್ಟಿಯೊಂದಿದೆ. ಅದರಲ್ಲೂ ಇದಕ್ಕೆ ತೂಕ ಜಾಸ್ತಿ. ಎದ್ದ ಐದು ನಿಮಿಷದೊಳಗೆ ಅಂದರೆ 3 ಅಂಕ, ಅರ್ಧ ಗಂಟೆಯೊಳಗೆ ಅಂದರೆ 2, ಒಂದು ಗಂಟೆಯೊಳಗೆ ಅಂದರೆ 1. ರಾತ್ರಿಯಿಡೀ ನಿಕೋಟಿನ್ ಸಿಗದ ಮೆದುಳು ಎಷ್ಟು ಹೊತ್ತು ತಡೆಯುತ್ತದೆ ಅನ್ನುವುದರ ಲೆಕ್ಕ ಅದು. ಮುಖ ತೊಳೆಯುವ ಮೊದಲೇ ಕಡ್ಡಿ ಗೀರುವವರಿಗೆ ಬರೀ ಮನಸ್ಸು ಗಟ್ಟಿ ಮಾಡಿ ಅಂದರೆ ಅದು ಉಪದೇಶ ಆಯಿತೇ ಹೊರತು ಸಹಾಯ ಆಗಲಿಲ್ಲ.

ಎರಡನೆಯದು ದೇಹ. ಹಲ್ಲು ಸ್ವಂತದ್ದೋ, ಸೆಟ್ಟೋ? ಫಿಟ್ಸ್ ಬಂದಿತ್ತಾ? ಕಿಡ್ನಿ, ಹೃದಯದ ತೊಂದರೆ ಇದೆಯಾ? ಗರ್ಭಿಣಿಯಾ? ಉಬ್ಬಸಕ್ಕೆ, ಸಕ್ಕರೆಗೆ ಏನು ಮಾತ್ರೆ ನಡೆಯುತ್ತಿದೆ?

ಮೂರನೆಯದು ದುಡ್ಡು ಮತ್ತು ದಾರಿ. ಮಲೆನಾಡಿನಲ್ಲಿ ಇವೆರಡನ್ನೂ ಒಟ್ಟಿಗೇ ನೋಡಬೇಕು. ಔಷಧಿ ಅಂಗಡಿ ಇಪ್ಪತ್ತು ಕಿಲೋಮೀಟರ್ ದೂರದಲ್ಲಿ, ದಿನಕ್ಕೆ ಎರಡೇ ಬಸ್ಸು ಅಂದರೆ ಅಗ್ಗದ ಔಷಧಿಯೂ ದುಬಾರಿಯೇ.

ಇನ್ನು ಬೀಡಿ ಆಸೆ ಎಳೆಯುವ ಹೊತ್ತು ಯಾವುದು, ಮನೆಗೆ ಹೋದ ಮೇಲೆ ನಿಮ್ಮನ್ನು ವಿಚಾರಿಸುವವರು ಯಾರು? ಈ ಕೊನೆಯದನ್ನು ಜನ ಲೆಕ್ಕಕ್ಕೇ ಇಡುವುದಿಲ್ಲ. ನಮ್ಮ ಕೆಲಸದಲ್ಲಿ ಐದು ಹೆಜ್ಜೆ ಕಲಿಸುತ್ತಾರೆ. ಸೇದುತ್ತೀರಾ ಅಂತ ಕೇಳುವುದು, ಬಿಡಿ ಅಂತ ನೇರ ಹೇಳುವುದು, ತಯಾರಿದ್ದಾರಾ ಅಂತ ಅಳೆಯುವುದು, ದಾರಿ ತೋರಿಸುವುದು, ಮತ್ತೆ ವಿಚಾರಿಸುವುದು. ಮೊದಲ ನಾಲ್ಕನ್ನು ಮಾಡಿ ಐದನೆಯದನ್ನು ಬಿಟ್ಟರೆ ಮೊದಲ ನಾಲ್ಕೂ ನೀರಿಗೆ ಹಾಕಿದ ಹಾಗೆ. ನರ್ಸ್‌ಗಳು ಕೈಜೋಡಿಸಿದ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ಕೊಕ್ರೇನ್ ಸಂಸ್ಥೆ 2017ರಲ್ಲಿ ಲೆಕ್ಕ ಹಾಕಿತ್ತು. ಸಹಾಯ ಇಲ್ಲದೆ 100 ಜನ ಬಿಡುವ ಕಡೆ, ನರ್ಸ್ ಸಹಾಯ ಇದ್ದರೆ ಸುಮಾರು 129 ಜನ ಬಿಡುತ್ತಾರೆ. ಭಾರೀ ಪವಾಡ ಏನಲ್ಲ. ಆದರೆ ಆ ಹೆಚ್ಚಿನ 29 ಜನರಲ್ಲಿ ನಿಮ್ಮಪ್ಪ ಇದ್ದರೆ?

ಹಟ ಹಿಡಿದು ಒಂದೇ ಸಲ

ಖರ್ಚಿಲ್ಲ, ಅಂಗಡಿ ಬೇಡ, ಯಾರನ್ನೂ ಕೇಳಬೇಕಾಗಿಲ್ಲ. ಅದಕ್ಕೇ ಎಲ್ಲರಿಗೂ ಮೊದಲು ಹೊಳೆಯುವುದು ಇದು. ಆದರೆ ಯಾವ ಸಹಾಯವೂ ಇಲ್ಲದೆ ಹೀಗೆ ಬಿಟ್ಟವರಲ್ಲಿ ಆರು ತಿಂಗಳಿಂದ ವರ್ಷದವರೆಗೆ ಬಾಳುವವರು ನೂರಕ್ಕೆ ಮೂರರಿಂದ ಐದು ಜನ.

ಇದನ್ನು ಹೇಳಿದರೆ, "ಹಾಗಾದ್ರೆ ದಿನಕ್ಕೊಂದು ಕಮ್ಮಿ ಮಾಡ್ತಾ ಬರ್ತೀನಿ" ಅನ್ನುತ್ತಾರೆ. ಅದೂ ಅಷ್ಟು ಸರಳ ಇಲ್ಲ. ಇಪ್ಪತ್ತು ಬೀಡಿ ಹತ್ತಕ್ಕೆ ಇಳಿದಾಗ ಮನುಷ್ಯ ಆ ಹತ್ತನ್ನೇ ಗಟ್ಟಿಯಾಗಿ, ಮೋಟಿನ ತುದಿಯವರೆಗೆ ಎಳೆಯುತ್ತಾನೆ. ಬೇಕಾದ ನಿಕೋಟಿನ್ ಅನ್ನು ದೇಹ ಹೇಗಾದರೂ ವಸೂಲಿ ಮಾಡಿಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ ಸುಮಾರು 700 ಜನರ ಮೇಲೆ ಮಾಡಿದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಾಲ್ಕು ವಾರ ಆದಮೇಲೆ ನೋಡಿದರೆ, ಒಂದೇ ದಿನ ನಿಲ್ಲಿಸಿದವರಲ್ಲಿ ನೂರಕ್ಕೆ 49 ಜನ ಸೇದದೆ ಇದ್ದರು. ಎರಡು ವಾರ ತೆಗೆದುಕೊಂಡು ಇಳಿಸುತ್ತಾ ಬಂದವರಲ್ಲಿ 39. ಇಲ್ಲೊಂದು ಗುಟ್ಟಿದೆ. ಎರಡೂ ಗುಂಪಿಗೆ ನರ್ಸ್‌ಗಳ ಸಲಹೆ ಇತ್ತು, ನಿಕೋಟಿನ್ ಔಷಧಿಯೂ ಇತ್ತು. ಅಂದರೆ ದಿನ ಗೊತ್ತು ಮಾಡಿ ಒಮ್ಮೆಗೇ ನಿಲ್ಲಿಸುವುದು ಒಳ್ಳೆಯದು, ಬರಿಗೈಯಲ್ಲಿ ಮಾತ್ರ ಬೇಡ. ಒಮ್ಮೆಗೇ ಆಗುವುದೇ ಇಲ್ಲ ಅನ್ನುವವರು ಇಳಿಸುತ್ತಾ ಬರಲಿ, ಆದರೆ ಕೊನೆಯ ದಿನಾಂಕ ಕ್ಯಾಲೆಂಡರಿನಲ್ಲಿ ಗುರುತು ಮಾಡಿರಲಿ.

ನಮ್ಮ ಕಡೆ ಹಟಕ್ಕೆ ಒಂದು ಒಳ್ಳೆಯ ಆಸರೆ ಇದೆ: ಅಯ್ಯಪ್ಪನ ಮಾಲೆ. 41 ದಿನದ ವ್ರತ ಶ್ರದ್ಧೆಯಿಂದ ಮಾಡಿದವರು ಅಷ್ಟೂ ದಿನ ಬೀಡಿ ಮುಟ್ಟಿರುವುದಿಲ್ಲ. ನಿಕೋಟಿನ್ ಸಿಗದ ಸಿಡುಕು, ತಲೆಭಾರ, ನಿದ್ದೆಗೇಡು ಮೊದಲ ಎರಡು ಮೂರು ದಿನ ಜೋರಾಗಿದ್ದು ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತವೆ. 41 ದಿನ ಅಂದರೆ ದೇಹದ ಗಲಾಟೆ ಮುಗಿದೇ ಹೋಯಿತು. ಆದರೂ ಮಾಲೆ ತೆಗೆದ ಸಂಜೆಯೇ ಗೂಡಂಗಡಿ ಮುಂದೆ ನಿಲ್ಲುತ್ತಾರೆ! "ಸ್ವಾಮಿ, ಬೆಟ್ಟ ಹತ್ತಿ ಇಳಿದಾಗಿದೆ, ಮತ್ಯಾಕೆ ಹಳ್ಳಕ್ಕೆ ಬೀಳ್ತೀರಿ" ಅಂತ ನಾನು ತಮಾಷೆ ಮಾಡುವುದುಂಟು. ಅವರಿಗೆ ಔಷಧಿ ಬೇಕಾಗಿಲ್ಲ. ಮಾಲೆ ತೆಗೆದ ಮೊದಲ ವಾರ ದಿನಾ ಒಬ್ಬರು ಫೋನ್ ಮಾಡಿದರೆ ಸಾಕು.

ಮೊದಲ ಬೀಡಿ ಎದ್ದು ಒಂದು ಗಂಟೆ ಕಳೆದ ಮೇಲೆ, ದಿನಕ್ಕೆ ಹತ್ತರೊಳಗೆ ಅನ್ನುವವರಿಗೆ ಈ ದಾರಿ ಸಲ್ಲುತ್ತದೆ. ಆಸೆ ಬಂದಾಗ ಅದು ಕೆಲವೇ ನಿಮಿಷ ಇರುತ್ತದೆ. ಆ ಹೊತ್ತು ದಾಟಿಸಬೇಕು, ಅಷ್ಟೇ. ನೀರು ಕುಡಿಯಿರಿ, ಉಸಿರು ಉದ್ದ ಎಳೆಯಿರಿ, ಕೊಟ್ಟಿಗೆ ಕಡೆ ಹೋಗಿ ಬನ್ನಿ. ಬಾಯಿಗೆ ಲವಂಗ, ಏಲಕ್ಕಿ, ಒಣ ನೆಲ್ಲಿ ಚೂರು. ಇವು ನಿಕೋಟಿನ್ ಆಸೆಗೆ ಮದ್ದಲ್ಲ. ಬಾಯಿಗೂ ಕೈಗೂ ಕೆಲಸ ಕೊಡುತ್ತವೆ.

ಗಮ್: ಎಲೆ-ಅಡಿಕೆ ಕವಳ ಅಗಿದ ಹಾಗೆ ಅಗಿಯಬೇಡಿ

ಜನ ಜಾಸ್ತಿ ಕೊಳ್ಳುವುದೂ ಇದನ್ನೇ, ಜಾಸ್ತಿ ತಪ್ಪು ಮಾಡುವುದೂ ಇದರಲ್ಲೇ. "ಬಿಕ್ಕಳಿಕೆ ಬಂತು, ಎದೆ ಉರೀತು, ಉಗಿದುಬಿಟ್ಟೆ" ಅನ್ನುವವರನ್ನು ನನ್ನ ಮುಂದೆಯೇ ಒಂದು ಅಗಿದು ತೋರಿಸಿ ಅನ್ನುತ್ತೇನೆ. ದವಡೆ ಗಿರಣಿ ಓಡಿದ ಹಾಗೆ ಓಡುತ್ತದೆ! ನಿಕೋಟಿನ್ ಎಲ್ಲ ಒಂದೇ ಸಲ ಎಂಜಲಿಗಿಳಿದು ಹೊಟ್ಟೆಗೆ ಹೋಗುತ್ತದೆ. ಅಲ್ಲಿ ಉರಿ ಬಿಟ್ಟರೆ ಬೇರೇನೂ ಪ್ರಯೋಜನ ಇಲ್ಲ. ಅದು ಒಳಗೆ ಹೋಗಬೇಕಾದದ್ದು ಕೆನ್ನೆಯ ಒಳಗಿನ ತೆಳು ಚರ್ಮದಿಂದ.

ಹೀಗೆ ಮಾಡಿ. ನಿಧಾನವಾಗಿ ಅಗಿಯಿರಿ, ಖಾರ ಅಥವಾ ಚುರುಚುರು ಅನ್ನಿಸಿದ ತಕ್ಷಣ ನಿಲ್ಲಿಸಿ. ಕೆನ್ನೆಗೂ ವಸಡಿಗೂ ಮಧ್ಯೆ ಒತ್ತಿಡಿ. ಹೊಗೆಸೊಪ್ಪನ್ನು ದವಡೆಗೆ ಒತ್ತಿಕೊಂಡು ಅಭ್ಯಾಸ ಇದ್ದವರಿಗೆ ಇದನ್ನು ಎರಡನೇ ಸಲ ಹೇಳಬೇಕಾಗಿಲ್ಲ. ಚುರುಚುರು ಇಳಿದ ಮೇಲೆ ಮತ್ತೆ ನಾಲ್ಕು ಸಲ ಅಗಿದು ಇನ್ನೊಂದು ಕಡೆ ಇಡಿ. ಒಂದು ಗಮ್ ಅರ್ಧ ಗಂಟೆ ಬರುತ್ತದೆ. ಅಗಿಯುವ ಕಾಲು ಗಂಟೆ ಮೊದಲಿನಿಂದ ಬಾಯಿಂದ ತೆಗೆಯುವವರೆಗೆ ಕಾಫಿ, ಹಣ್ಣಿನ ರಸ, ಸೋಡಾ ಬೇಡ. ಹುಳಿ ಬಾಯಲ್ಲಿ ನಿಕೋಟಿನ್ ಸರಿಯಾಗಿ ಒಳಗೆ ಹೋಗುವುದಿಲ್ಲ. ಕಾಫಿ ಲೋಟ ಕೈಯಲ್ಲಿ ಹಿಡಿದೇ ಗಮ್ ಹಾಕಿಕೊಂಡು "ಇದು ಕೆಲಸಕ್ಕೆ ಬಾರದ್ದು" ಅನ್ನುವವರು ಎಷ್ಟೋ ಜನ.

ಗಮ್ 2 ಮಿಲಿಗ್ರಾಂ, 4 ಮಿಲಿಗ್ರಾಂ ಅಂತ ಎರಡು ಬಗೆ. ಮೊದಲ ಬೀಡಿ ಎದ್ದ ಅರ್ಧ ಗಂಟೆಯೊಳಗೆ ಅಂದರೆ 4, ಆಮೇಲೆ ಅಂದರೆ 2. 2 ಮಿ.ಗ್ರಾಂನದ್ದು ಚೀಟಿ ಇಲ್ಲದೆ ಸಿಗುತ್ತದೆ, 4ಕ್ಕೆ ಡಾಕ್ಟರ ಚೀಟಿ ಬೇಕು. ಮೊದಲ ಆರು ವಾರ ಒಂದೆರಡು ಗಂಟೆಗೊಂದು, ಆಮೇಲೆ ಅಂತರ ಜಾಸ್ತಿ ಮಾಡುತ್ತಾ ಹನ್ನೆರಡು ವಾರಕ್ಕೆ ನಿಲ್ಲಿಸಬೇಕು. ಆಸೆ ತಡೆಯಲಾಗದಾಗ ಮಾತ್ರ ದಿನಕ್ಕೆ ಎರಡು ಹಾಕಿಕೊಂಡರೆ ಸಾಲುವುದಿಲ್ಲ.

ದುಡ್ಡಿನ ಮಾತು. ದಿನಕ್ಕೆ ಎಂಟು ಹತ್ತು ಗಮ್ ಅಂದರೆ ನೂರು ರೂಪಾಯಿ ಆಚೀಚೆ. ಕಿಂಗ್ ಸೈಜ್ ಸಿಗರೇಟು ಹತ್ತು ಸೇದುವ ಪೇಟೆಯ ಹುಡುಗನಿಗೆ ಇದು ಉಳಿತಾಯ. ದಿನಕ್ಕೊಂದು ಕಟ್ಟು ಬೀಡಿ ಸೇದುವ, ಅಡಿಕೆ ಕೊನೆ ಕೊಯ್ಯುವವನಿಗೆ ಇದು ಬೀಡಿಯ ಎರಡು ಪಟ್ಟಿಗಿಂತ ಜಾಸ್ತಿ. ಅವನಿಗೆ "ಬೀಡಿ ದುಡ್ಡಲ್ಲೇ ಗಮ್ ಬರುತ್ತೆ" ಅಂದರೆ ನಾವು ಲೆಕ್ಕ ಬರದವರು ಅಂತ ನಗುತ್ತಾನೆ. ಅವನಿಗೆ ಸರ್ಕಾರಿ ದಾರಿಯೇ ಸರಿ. ತಂಬಾಕು ನಿಯಂತ್ರಣ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ತಂಬಾಕು ವ್ಯಸನಮುಕ್ತ ಕೇಂದ್ರಗಳಿವೆ. ಶಿವಮೊಗ್ಗದವರು ಮೆಗ್ಗಾನ್ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ನಿಕೋಟಿನ್ ಬದಲಿ ಔಷಧಿ 2022ರಿಂದ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಆದರೂ ಪಟ್ಟಿಯಲ್ಲಿರುವುದು ಬೇರೆ, ಕಪಾಟಿನಲ್ಲಿರುವುದು ಬೇರೆ. ನಾನು ಹಿಂದೆ ಇದ್ದ ಒಂದು ಕಡೆ ಸ್ಟಾಕ್ ಖಾಲಿ ಅಂತ ಗೊತ್ತಿಲ್ಲದೆ ಹೊಸನಗರದಿಂದ ಒಬ್ಬರನ್ನು ಎರಡು ಸಲ ಓಡಾಡಿಸಿದ್ದೆ. ಮೂರನೇ ಸಲ ಅವರು ಬರಲಿಲ್ಲ. ಅಂದಿನಿಂದ ಫೋನ್ ಮಾಡಿ ಕೇಳದೆ ಯಾರನ್ನೂ ಕಳಿಸುವುದಿಲ್ಲ.

ಹಲ್ಲಿನ ಸೆಟ್ ಇದ್ದವರಿಗೆ ಗಮ್ ಅಂಟುತ್ತದೆ. ಅವರಿಗೆ ಚೀಪುವ ಗುಳಿಗೆ, ಅಂದರೆ ಲೋಝೆಂಜ್ ಇದೆ. ಅದನ್ನು ಕಡಿಯಬಾರದು, ನುಂಗಬಾರದು, ತಾನಾಗಿ ಕರಗಲು ಬಿಡಬೇಕು.

ಪ್ಯಾಚ್

ಚರ್ಮಕ್ಕೆ ಹಚ್ಚುವ ನಿಕೋಟಿನ್ ಪಟ್ಟಿ ಇದು. ಬೆಳಿಗ್ಗೆ ಒಂದು ಸಲ ಅಂಟಿಸಿಕೊಂಡರೆ ದಿನವಿಡೀ ನಿಧಾನವಾಗಿ ನಿಕೋಟಿನ್ ಇಳಿಯುತ್ತದೆ. ನೆನಪಿಡುವ ತಲೆನೋವಿಲ್ಲ. ದಿನಕ್ಕೆ ಹತ್ತಕ್ಕಿಂತ ಜಾಸ್ತಿ ಸೇದುವವರಿಗೆ ಸಾಮಾನ್ಯವಾಗಿ 21 ಮಿ.ಗ್ರಾಂನಿಂದ ಆರು ವಾರ, ಆಮೇಲೆ 14 ಮತ್ತು 7 ಎರಡೆರಡು ವಾರ. ತೋಳು, ಬೆನ್ನು, ಎದೆಯ ಕೂದಲಿಲ್ಲದ ಜಾಗದಲ್ಲಿ, ದಿನಾ ಬೇರೆ ಬೇರೆ ಕಡೆ ಹಚ್ಚಬೇಕು. ಒಂದೇ ಕಡೆ ಆದರೆ ಕೆಂಪಗಾಗಿ ಕೆರೆಯುತ್ತದೆ. ಸ್ನಾನ ಮುಗಿಸಿ, ಮೈ ಚೆನ್ನಾಗಿ ಒರೆಸಿ, ಬೆವರು ಆರಿದ ಮೇಲೆ ಹಚ್ಚಿ. ಒದ್ದೆ ಮೈಗೆ ಹಚ್ಚಿದರೆ ಕಂಬಳಿಗೇ ಅಂಟಿಕೊಂಡು ಹೋಗುತ್ತದೆ. ರಾತ್ರಿ ವಿಚಿತ್ರ ಕನಸು ಬಿದ್ದರೆ ಮಲಗುವಾಗ ತೆಗೆದಿಡಿ. ತೆಗೆದದ್ದನ್ನು ಮಡಚಿ ಮಕ್ಕಳ ಕೈಗೆ ಸಿಗದ ಹಾಗೆ ಬಿಸಾಕಿ.

ಪ್ಯಾಚಿನ ಕೊರತೆ ಏನೆಂದರೆ, ಅದು ಒಂದೇ ಸಮನೆ ಕೊಡುತ್ತದೆ. ಊಟ ಆದ ಮೇಲಿನ, ಮಳೆ ಶುರುವಾದಾಗಿನ ಆ ದಿಢೀರ್ ಎಳೆತಕ್ಕೆ ಅದು ಸಾಲದು. ಹಾಗಾಗಿ ಪ್ಯಾಚಿನ ಜೊತೆ ಗಮ್ ಅಥವಾ ಗುಳಿಗೆ ಸೇರಿಸಿದರೆ ಒಂದೇ ಬಳಸಿದ್ದಕ್ಕಿಂತ ಒಳ್ಳೆಯ ಫಲ. ಜಾಸ್ತಿ ಹಿಡಿತ ಇರುವವರಿಗೆ ನಾನು ಡಾಕ್ಟರ ಹತ್ತಿರ ಕೇಳಿಸುವುದು ಈ ಜೋಡಿಯನ್ನೇ. ಒಂದು ಪ್ಯಾಚಿನ ಬೆಲೆ ಒಂದು ಗಮ್ಮಿಗಿಂತ ಜಾಸ್ತಿ. ಸಣ್ಣ ಊರಿನ ಅಂಗಡಿಯಲ್ಲಿ ಹೇಳಿ ತರಿಸಬೇಕಾಗುತ್ತದೆ. ಒಂದು ವಾರ ಮೊದಲೇ ತರಿಸಿಟ್ಟುಕೊಂಡು ಆಮೇಲೆ ಬಿಡುವ ದಿನ ಗೊತ್ತು ಮಾಡಿ.

"ಸೇದೋದ್ರಲ್ಲೂ ನಿಕೋಟಿನ್, ಇದ್ರಲ್ಲೂ ನಿಕೋಟಿನ್, ಎಂತ ವ್ಯತ್ಯಾಸ?" ಅಂತ ಕೇಳುತ್ತಾರೆ. ಚಟ ಹಿಡಿಸುವುದು ನಿಕೋಟಿನ್, ಶ್ವಾಸಕೋಶ ಹಾಳು ಮಾಡುವುದು ಮುಖ್ಯವಾಗಿ ಹೊಗೆಯ ಟಾರು ಮತ್ತು ವಿಷಾನಿಲ. ಬೀಡಿ ಸಣ್ಣದು, ಎಲೆ ಸುತ್ತಿದ್ದು, ಹಾಗಾಗಿ ಸಿಗರೇಟಿಗಿಂತ ಸೌಮ್ಯ ಅನ್ನುವುದೂ ತಪ್ಪು. ಅದು ಆರಿಹೋಗದಂತೆ ಪದೇಪದೇ ಜೋರಾಗಿ ಎಳೆಯಬೇಕು, ಹೊಗೆಯೂ ಹೆಚ್ಚು ಒಳಗೆ ಹೋಗುತ್ತದೆ. ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಪ್ಯಾಚ್ ಹಚ್ಚಲಿ. ಆದರೆ ಪ್ಯಾಚಿಗೆ ಹೆದರಿ ಬೀಡಿಗೆ ಮರಳುವುದರಲ್ಲಿ ಅರ್ಥವಿಲ್ಲ.

ಮಾತ್ರೆ

ಎರಡಿವೆ: ವರೆನಿಕ್ಲಿನ್, ಬುಪ್ರೊಪಿಯಾನ್. ಎರಡಕ್ಕೂ ಡಾಕ್ಟರ ಚೀಟಿ ಬೇಕೇ ಬೇಕು. ಎರಡನ್ನೂ ಬಿಡುವ ದಿನಕ್ಕೆ ಒಂದೆರಡು ವಾರ ಮೊದಲೇ ಶುರು ಮಾಡಬೇಕು. ವರೆನಿಕ್ಲಿನ್ ಸಾಮಾನ್ಯವಾಗಿ ಹನ್ನೆರಡು ವಾರ. ಇದರ ಬಲ ಪ್ಯಾಚ್ ಮತ್ತು ಗಮ್ ಜೋಡಿಯಷ್ಟೇ ಇದೆ. ಇದನ್ನು ತಿಂದವರು "ಸೇದಿದ್ರೂ ಮಜಾ ಇಲ್ಲ ಸಿಸ್ಟರೇ" ಅನ್ನುತ್ತಾರೆ. ಅದೇ ಅದರ ಕೆಲಸ. ವಾಕರಿಕೆ ಬರುತ್ತದೆ, ಊಟ ಆದ ಮೇಲೆ ಲೋಟ ತುಂಬಾ ನೀರಿನ ಜೊತೆ ತೆಗೆದುಕೊಂಡರೆ ಕಮ್ಮಿ. ಕಿಡ್ನಿ ತೊಂದರೆ ಜಾಸ್ತಿ ಇದ್ದರೆ ಪ್ರಮಾಣ ಇಳಿಸಬೇಕು. ಬುಪ್ರೊಪಿಯಾನ್ ಮನಸ್ಸಿನ ಬೇಸರಕ್ಕೂ ಕೊಡುವ ಮಾತ್ರೆ. ತೂಕ ಏರುವುದನ್ನೂ ಸ್ವಲ್ಪ ತಡೆಯುತ್ತದೆ. ಆದರೆ ಫಿಟ್ಸ್ ಇದ್ದವರಿಗೆ, ದಿನಾ ಕುಡಿದು ಈಗ ಅದನ್ನೂ ದಿಢೀರನೆ ನಿಲ್ಲಿಸಿದವರಿಗೆ ಕೂಡದು. ನೆಂಟರ ಮನೆಯ ಉಳಿದ ಮಾತ್ರೆ ತಿನ್ನಬೇಡಿ ಅನ್ನುವುದು ಇದಕ್ಕೇ.

ಮನೆಯಲ್ಲಿ ಗರ್ಭಿಣಿ ಇದ್ದು ಅವರಿಗೇ ಅಭ್ಯಾಸ ಇದ್ದರೆ ಮಾತ್ರೆಯ ಮಾತು ಬೇಡ. ಮೊದಲು ಸಮಾಲೋಚನೆ, ಉಳಿದದ್ದು ಡಾಕ್ಟರು ಹೇಳಿದ ಹಾಗೆ.

ಫೋನು

ಬೀಡಿ, ಸಿಗರೇಟಿನ ಪೊಟ್ಟಣದ ಮೇಲಿರುವ 1800-11-2356 ನಂಬರ್ ಸುಮ್ನೆ ಅಚ್ಚು ಹಾಕಿದ್ದಲ್ಲ. 2016ರಲ್ಲಿ ಶುರುವಾದ ಉಚಿತ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದಿಂದ ಕನ್ನಡದಲ್ಲೇ ಮಾತಾಡುತ್ತಾರೆ, ಬಿಡುವ ದಿನ ಗೊತ್ತು ಮಾಡಿಸುತ್ತಾರೆ, ಆಮೇಲೆ ಅವರೇ ತಿರುಗಿ ಫೋನ್ ಮಾಡಿ ವಿಚಾರಿಸುತ್ತಾರೆ. ನಾನು ಹೇಳಿದ ಐದನೇ ಹೆಜ್ಜೆ ಇದೇ. ಕೈಯಲ್ಲಿ ದುಡ್ಡಿಲ್ಲ, ಊರು ದೂರ ಅನ್ನುವವರಿಗೆ ಇದಕ್ಕಿಂತ ಅಗ್ಗದ ಸಹಾಯ ಇಲ್ಲ. ತೊಂದರೆ ಒಂದೇ: ಜುಲೈ ಮಳೆಯಲ್ಲಿ ಕರೆಂಟ್ ಹೋಗಿ ಟವರ್ ಸತ್ತರೆ ಮೂರು ದಿನ ಯಾರೂ ಸಿಗುವುದಿಲ್ಲ. ಪೇಟೆಯಲ್ಲಿರುವ ಮಗಳ ನಂಬರನ್ನೂ ಕೊಟ್ಟಿಡಿ. ಗಮ್, ಪ್ಯಾಚ್, ಹಟ ಯಾವುದರ ಜೊತೆಗೂ ಈ ಫೋನ್ ಹೊಂದುತ್ತದೆ. ಹಾಗಾಗಿ ಇದನ್ನು ಬೇರೆ ಆಯ್ಕೆ ಅಂತ ನಾನು ಎಣಿಸುವುದಿಲ್ಲ, ಎಲ್ಲರಿಗೂ ಹಚ್ಚುತ್ತೇನೆ.

ಇವು ದಾರಿಯಲ್ಲ

ಇ-ಸಿಗರೇಟು ಕೇಳಲೇಬೇಡಿ, 2019ರಿಂದ ದೇಶದಲ್ಲಿ ಮಾರಾಟವೇ ನಿಷೇಧ.

ನಮ್ಮಲ್ಲಿ ದೊಡ್ಡ ಗುಂಡಿ ಕವಳ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರು ಮೂರು ತಿಂಗಳು ಬೀಡಿ ಮುಟ್ಟಿಲ್ಲ ಅಂತ ಬಂದಾಗ ವಾರ್ಡಿನಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ. ಬಾಯಿ ತೆರೆಸಿ ನೋಡಿರಲಿಲ್ಲ. ಬೀಡಿ ಬಿಟ್ಟ ಮಾರನೇ ದಿನದಿಂದ ಹೊಗೆಸೊಪ್ಪಿನ ಕವಳ ದಿನಕ್ಕೆ ಹದಿನೈದು ಹಾಕುತ್ತಿದ್ದರಂತೆ. ತಪ್ಪು ನನ್ನದೇ, ಕೇಳಲಿಲ್ಲ. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಸೇದುವವರು ನೂರಕ್ಕೆ 8.8, ಹೊಗೆಯಿಲ್ಲದ ತಂಬಾಕು ಬಳಸುವವರು 16.3. ಒಂದರಿಂದ ಇನ್ನೊಂದಕ್ಕೆ ಜಾರುವುದು ಅಷ್ಟು ಸುಲಭ. ಅಡಿಕೆ ತೋಟದ ನಡುವೆ ಕೂತು ಹೇಳುವುದು ಕಷ್ಟ, ಆದರೂ ಹೇಳುತ್ತೇನೆ: ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಬೀಡಿಗೆ ಬದಲಿ ಅಂತ ಅದನ್ನು ಹಿಡಿಯಬೇಡಿ.

ಯಾವ ದಾರಿ ಹಿಡಿದರೂ ಇನ್ನೊಂದು ನೆನಪಿರಲಿ. ಬೀಡಿಯ ಹೊಗೆ ಕೆಲವು ವಸ್ತುಗಳನ್ನು ದೇಹ ಬೇಗ ಕರಗಿಸುವ ಹಾಗೆ ಮಾಡಿರುತ್ತದೆ. ಬಿಟ್ಟ ಮೇಲೆ ಅವು ಹೆಚ್ಚು ಹೊತ್ತು ಉಳಿಯುತ್ತವೆ. ದಿನಾ ಕುಡಿಯುವ ಕಾಫಿಯೇ ಎದೆ ಡವಡವ ಅನ್ನಿಸಿ ನಿದ್ದೆ ಕೆಡಿಸಬಹುದು. ಅದನ್ನು ಬೀಡಿ ಬಿಟ್ಟ ಸಂಕಟ ಅಂದುಕೊಂಡು ಮತ್ತೆ ಹಚ್ಚುತ್ತಾರೆ. ಕಾಫಿ ಅರ್ಧಕ್ಕೆ ಇಳಿಸಿ. ಉಬ್ಬಸಕ್ಕೆ ಥಿಯೋಫಿಲಿನ್ ಜಾತಿಯ ಮಾತ್ರೆ ತಿನ್ನುವವರು, ಇನ್ಸುಲಿನ್ ತೆಗೆದುಕೊಳ್ಳುವವರು ಬೀಡಿ ಬಿಟ್ಟಿದ್ದನ್ನು ಡಾಕ್ಟರಿಗೆ ಹೇಳಲೇಬೇಕು, ಪ್ರಮಾಣ ಬದಲಾಗಬಹುದು.

ಇನ್ನು ಮಂಚದ ಮೇಲಿನ ಆ ಮೂರು ವಸ್ತು. ಅಜ್ಜನ ಮೊದಲ ಬೀಡಿ ಹಾಸಿಗೆಯಲ್ಲೇ, ಹಾಗಾಗಿ ಬರೀ ಹಟ ಸಾಲದು. ಬಾಯಲ್ಲಿ ಹಲ್ಲಿನ ಸೆಟ್, ಗಮ್ ಬೇಡ. ಹುಡುಗನಾಗಿದ್ದಾಗ ಫಿಟ್ಸ್ ಬಂದಿತ್ತಂತೆ, ಆ ನಾಲ್ಕು ಮಾತ್ರೆ ಬುಪ್ರೊಪಿಯಾನ್, ಕಸದ ಬುಟ್ಟಿಗೆ ಹೋಯಿತು. ಡಾಕ್ಟರು 21ರ ಪ್ಯಾಚ್ ಬರೆದರು, ಜಗಲಿಯ ಹೊತ್ತಿಗೆ ಚೀಪುವ ಗುಳಿಗೆ. ಚೀಟಿಯಲ್ಲಿದ್ದ ಫೋನ್ ನಂಬರನ್ನು ಮಗನ ಮೊಬೈಲಿಗೆ ಹಾಕಿಸಿದೆ. ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಮೆಟ್ಟಿಲ ಮೇಲೆ ಮಾತ್ರವಂತೆ.

ಉಳಿದದ್ದು ಗಮ್ ಶೀಟು. ಅಂಗಡಿಗೆ ವಾಪಸ್ ಕೊಡಿ ಅಂದೆ.

"ಎಂತಕ್ಕೆ ವಾಪಸ್ಸು? ಅವ್ನಿಗೇ ಕೊಡಿ ಸಿಸ್ಟರೇ" ಅಂದರು ಅಜ್ಜ. "ಅವ್ನೇನು ಕಮ್ಮಿ ಸೇದ್ತಾನಾ!"

ಮಗ ಕಿಟಕಿ ಕಡೆ ತಿರುಗಿದ. ನಾನು ಕೇಳಿದೆ, "ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗಣ್ಣ ಮೊದಲನೇದು?"

"ಆರಕ್ಕೆ ಏಳ್ತೀನಿ... ಕಾಫಿ ಎಲ್ಲ ಆದ್ಮೇಲೆ, ಎಂಟರ ಹೊತ್ತಿಗೆ."

"ಹಾಗಾದ್ರೆ ಈ 2 ಮಿಲಿಗ್ರಾಂನದ್ದೇ ಸಾಕು. ಕಾಫಿ ಕುಡಿದು ಕಾಲು ಗಂಟೆ ಬಿಟ್ಟು ಹಾಕ್ಕೊಳ್ಳಿ. ಈಗ ಇಲ್ಲಿ ಕೂತ್ಕೊಳ್ಳಿ, ಒಂದು ಅಗಿದು ತೋರಿಸಿ."